ಮನುಷ್ಯರನ್ನೆತ್ತುವ ಕ್ರೇನು

ಬೆಳಗ್ಗೆ ಎದ್ದು ಇಸ್ತ್ರಿಯಕ್ಕ ಮಾಡುತ್ತಿದ್ದ ಮೊದಲ ಕೆಲಸ ಗಂಡನನ್ನು ಮಂಚದಿಂದ ಗಾಲಿಕುರ್ಚಿಗೆ ದಾಟಿಸುವುದು. ಮಂಚಕ್ಕೂ ಕುರ್ಚಿಗೂ ನಡುವೆ ಇದ್ದದ್ದು ಒಂದು ಮೊಳ ಜಾಗ. ಕೈಕಾಲು ಗಟ್ಟಿಯಿದ್ದವರು ಅದನ್ನು ದಾಟಿದ್ದು ತಮಗೇ ಗೊತ್ತಾಗುವುದಿಲ್ಲ. ಅವಳಿಗೆ ಮಾತ್ರ ಹಿಂದಿನ ದಿನ ಮಲಗುವಾಗಲೇ ಅದರ ಚಿಂತೆ ಹತ್ತಿಕೊಳ್ಳುತ್ತಿತ್ತು.

ಅವನ ಕಾಲುಗಳ ನಡುವೆ ತನ್ನ ಮೊಣಕಾಲು ಊರಿ, ಕಂಕುಳಲ್ಲಿ ಕೈ ತೂರಿಸಿ, ಬೆನ್ನ ಹಿಂದೆ ಬೆರಳು ಹೆಣೆದು, ಉಸಿರು ಬಿಗಿಹಿಡಿದು ಎಳೆಯಬೇಕು. ಗಂಡ ಸರಿಯಿದ್ದ ಬಲಗೈಯಲ್ಲಿ ಅವಳ ಕೊರಳನ್ನು ಬಳಸುತ್ತಿದ್ದ. ಎಡಗೈ, ಎಡಗಾಲು ಅವನ ಮಾತು ಕೇಳುವುದನ್ನು ಬಿಟ್ಟು ವರ್ಷ ತುಂಬುತ್ತ ಬಂದಿತ್ತು. ಸೊಂಟವೂ ನಿಲ್ಲುತ್ತಿರಲಿಲ್ಲ. ಎತ್ತಿದ ಕೂಡಲೇ ಇಡೀ ದೇಹ ಒಂದೇ ಕಡೆಗೆ ಜಾರುತ್ತಿತ್ತು. ಕುರ್ಚಿಯಲ್ಲಿ ಕೂರಿಸಿದ ಮೇಲೆ ಇಸ್ತ್ರಿಯಕ್ಕ ಗೋಡೆಗೆ ಮುಖ ಮಾಡಿ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಳು. ಒರೆಸಿಕೊಳ್ಳುತ್ತಿದ್ದದ್ದು ಬರೀ ಬೆವರಲ್ಲ, ಆದರೆ ಅದನ್ನು ಯಾರಿಗೆ ಹೇಳುವುದು?

ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿಗೆ ತೆರೆದ ಬಾಗಿಲು, ಕಂಬಳಿ ಹಾಸಿದ ಉದ್ದನೆಯ ಮೇಜು, ಭಾರದ ಹಳೆಯ ಇಸ್ತ್ರಿಪೆಟ್ಟಿಗೆ, ನೀರು ಚಿಮುಕಿಸುವ ಬಾಟಲಿ. ಕಾಲರು ಮೊದಲು, ಆಮೇಲೆ ತೋಳು, ಕೊನೆಗೆ ಬೆನ್ನು. ಅವಳು ಮಡಿಸಿದ ಅಂಗಿಯನ್ನು ಬಿಚ್ಚಿ ಹಾಕಿಕೊಳ್ಳಲು ಮನಸ್ಸೇ ಬರುವುದಿಲ್ಲ ಎಂದು ಗಿರಾಕಿಗಳು ಹೇಳುತ್ತಿದ್ದರು. ಮಡಿಸದೆ ತೂಗುಹಾಕಿ ಕೊಡಬೇಕಾದ ಅಂಗಿಗಳಿಗೂ ಆ ಮನೆಯಲ್ಲಿ ಒಂದು ಒಳ್ಳೆಯ ವ್ಯವಸ್ಥೆಯಿತ್ತು. ಒಳಗಿನ ಕೋಣೆಯ ಮೂಲೆಯಲ್ಲಿ, ಗಾಲಿಗಳ ಮೇಲೆ, ಎತ್ತರದ ಉಕ್ಕಿನ ಕಂಬವೊಂದು ನಿಂತಿತ್ತು. ಅದಕ್ಕೆ ಚಾಚಿದ ಒಂದು ತೋಳು, ತೋಳಿನ ತುದಿಗೆ ಅಡ್ಡಪಟ್ಟಿ, ಅಡ್ಡಪಟ್ಟಿಗೆ ಕೊಕ್ಕೆಗಳು. ಊರವರ ಅಂಗಿಗಳೆಲ್ಲ ಅದರ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಅಷ್ಟು ದುಬಾರಿಯ ಅಂಗಿಗೂಟ ಆ ಬೀದಿಯಲ್ಲಿ ಮತ್ತೊಂದಿರಲಿಕ್ಕಿಲ್ಲ.

ಅದು ಅಂಗಿಗೂಟವಲ್ಲ. ನಡೆಯಲಾಗದವರನ್ನು ಹಾಸಿಗೆಯಿಂದ ಎತ್ತಿ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಸಾಗಿಸುವ ಯಂತ್ರ. ಸಲಕರಣೆಗಳನ್ನು ಎರವಲು ಕೊಡುವ ಒಂದು ಸಂಸ್ಥೆಯವರಿಗೆ ಹತ್ತು ಸಲ ಹೇಳಿ, ಕಾದು, ಅದನ್ನು ಈ ಮನೆಗೆ ತರಿಸಿದವಳು ಫಿಸಿಯೋ ಮೇಡಂ. ವಾರಕ್ಕೊಮ್ಮೆ ಬಂದು ಗಂಡನ ಕೈಕಾಲು ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ. ಬಟ್ಟೆಯ ಜೋಲಿಯನ್ನು ರೋಗಿಯ ಬೆನ್ನಿಗೂ ತೊಡೆಗೂ ಹಾಕಿ, ಅದರ ಕುಣಿಕೆಗಳನ್ನು ಕೊಕ್ಕೆಗೆ ಸಿಕ್ಕಿಸಿ, ತಂತಿಯ ತುದಿಯಲ್ಲಿದ್ದ ಗುಂಡಿ ಒತ್ತಿದರೆ ಆಯಿತು, ತೋಳು ತಾನಾಗಿ ಮೇಲೇಳುತ್ತದೆ.

ಮೊದಲ ದಿನ ಹಾಗೆಯೇ ಎತ್ತಿದರು. ಹಾಸಿಗೆಯಿಂದ ಒಂದು ಗೇಣು ಮೇಲೇಳುವಷ್ಟರಲ್ಲಿ ಗಂಡನಿಗೆ ತಲೆಯ ಮೇಲಿನ ಕೊಕ್ಕೆ ಕಂಡಿತು. ಕಂಡದ್ದೇ ತಡ, ಬೊಬ್ಬೆ ಹೊಡೆದ. ಲಕ್ವ ಹೊಡೆದ ಮೇಲೆ ಅವನ ನಾಲಗೆ ದಪ್ಪಗಾಗಿ ಮಾತು ತೊದಲುತ್ತಿತ್ತು. ಆದರೆ ಆ ಬೊಬ್ಬೆ ಮಾತ್ರ ಬೀದಿಯ ತುದಿಗೂ ಕೇಳಿಸಿತು.

ಅದಕ್ಕೆ ಕಾರಣವಿತ್ತು. ಅವನನ್ನು ಊರೆಲ್ಲ ಕ್ರೇನಣ್ಣ ಎಂದು ಕರೆಯುತ್ತಿದ್ದದ್ದು ಸುಮ್ಮನಲ್ಲ. ಸರಕಿನ ಯಾರ್ಡಿನಲ್ಲಿ, ಆಳುಗಳು ಇರುವೆಯಷ್ಟಾಗಿ ಕಾಣುವ ಎತ್ತರದಲ್ಲಿ, ಗಾಜಿನ ಪುಟ್ಟ ಕೋಣೆಯೊಳಗೆ ಕುಳಿತು ಜೀವಮಾನವೆಲ್ಲ ಭಾರ ಎತ್ತಿದವನು ಅವನು. ಆ ಕೆಲಸಕ್ಕೆ ಸೇರಿದ ದಿನವೇ ಕಲಿಸುವ ಕಟ್ಟಳೆಯೊಂದಿದೆ. ಕೊಕ್ಕೆಗೆ ಮನುಷ್ಯನನ್ನು ಏರಿಸಬಾರದು. ಯಾರು ಹೇಳಿದರೂ ಸರಿ, ಎಂಥ ತುರ್ತೇ ಇದ್ದರೂ ಸರಿ. ಒಮ್ಮೆ ಮೇಲಧಿಕಾರಿಯೇ ಬಂದು, ಮೇಲೆ ಸಿಕ್ಕಿಕೊಂಡ ಹಗ್ಗ ಬಿಡಿಸಲು ಒಬ್ಬ ಆಳನ್ನು ಕೊಕ್ಕೆಯಲ್ಲಿ ಎತ್ತೆಂದು ಅಪ್ಪಣೆ ಮಾಡಿದ್ದ. ಕ್ರೇನಣ್ಣ ಯಂತ್ರ ನಿಲ್ಲಿಸಿ ಕೆಳಗಿಳಿದು ಬಂದು ಬೀಗದ ಕೈಯನ್ನು ಅವನ ಅಂಗೈಗೆ ಇಟ್ಟು ಮನೆಗೆ ನಡೆದಿದ್ದ. ಆ ಹೆಮ್ಮೆಯ ಮೇಲೆಯೇ ಅವನು ಇಷ್ಟು ವರ್ಷ ತಲೆಯೆತ್ತಿ ಓಡಾಡಿದ್ದು.

ಅವನು ಬೊಬ್ಬೆ ಹೊಡೆಯುವ ಹೊತ್ತಿಗೇ ನಾದಿನಿ ಬಾಗಿಲಲ್ಲಿ ನಿಂತಿದ್ದಳು. ಕ್ರೇನಣ್ಣನ ಒಬ್ಬಳೇ ತಂಗಿ, ಅಣ್ಣನೇ ಸಾಕಿ ದೊಡ್ಡವಳನ್ನಾಗಿ ಮಾಡಿದವಳು, ಈಗ ಬೇರೆ ಊರಿನಲ್ಲಿ ಬಟ್ಟೆ ಅಂಗಡಿಯ ಮೇಲ್ವಿಚಾರಕಿ. ಮೂಟೆಯಂತೆ ನೇತಾಡುತ್ತಿದ್ದ ಅಣ್ಣನನ್ನು ನೋಡಿ ಅವಳು ಅಲ್ಲೇ ಕುಸಿದು ಕುಳಿತು ಅತ್ತಳು.

"ಅತ್ತಿಗೆ, ನೀವು ಇದ್ದೂ ಅಣ್ಣನ್ನ ಹೀಗೆ ನೇತಾಕ್ತೀರಾ? ನಿಮ್ಮ ಕೈಲಿ ಆಗಲ್ಲ ಅಂದ್ರೆ ಬಾಯಿ ಬಿಟ್ಟು ಹೇಳಿ. ನಮ್ಮೂರಲ್ಲಿ ಒಳ್ಳೆ ಆರೈಕೆ ಕೇಂದ್ರ ಇದೆ. ಅಲ್ಲಿ ಗಂಡಾಳುಗಳಿದ್ದಾರೆ, ಕೈಯಲ್ಲೇ ಎತ್ತಿ ನೋಡ್ಕೋತಾರೆ."

ಅಷ್ಟು ಸಾಕಾಯಿತು. ಯಂತ್ರ ಮೂಲೆಗೆ ಹೋಯಿತು. ಆರೈಕೆ ಕೇಂದ್ರ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಗಂಡನ ಬಲಗೈ ತನ್ನ ಸೆರಗನ್ನು ಹುಡುಕಿದ್ದು ಇಸ್ತ್ರಿಯಕ್ಕನಿಗೆ ಗೊತ್ತಾಗಿತ್ತು. ಆಸ್ಪತ್ರೆಯಿಂದ ಬಂದ ವಾರವೇ ಅವನು ಅವಳಿಂದ ಮಾತು ತೆಗೆದುಕೊಂಡಿದ್ದ. ಸಾಯುವುದಾದರೆ ಈ ಮನೆಯಲ್ಲೇ, ಬೇರೆ ಎಲ್ಲಿಗೂ ಕಳಿಸಬೇಡ ಎಂದು. ಅವಳು ಕೊಟ್ಟಿದ್ದಳು. ಈಗ ಲೆಕ್ಕ ಸರಳವಾಗಿತ್ತು. ಯಂತ್ರ ಬಳಸಿದರೆ ತನ್ನ ಕೈಲಾಗದು ಎಂದು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ಅವನನ್ನು ಕರೆದೊಯ್ಯುತ್ತಾರೆ.

ಫಿಸಿಯೋ ಮೇಡಂ ಸುಮ್ಮನೆ ಬಿಡಲಿಲ್ಲ. ಮುಂದಿನ ವಾರ ಬಂದವಳು, ಗಂಡನ ಕಾಲು ಮಡಿಸುತ್ತಲೇ, ನಿಮ್ಮ ಬೆನ್ನು ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದಳು ಇಸ್ತ್ರಿಯಕ್ಕ. ಹುಡುಗಿ ನಂಬಲಿಲ್ಲ. ಈ ಸಲಕರಣೆ ಅವರಿಗೋಸ್ಕರ ಎಷ್ಟೋ, ನಿಮಗೋಸ್ಕರವೂ ಅಷ್ಟೇ, ನೀವು ಮಲಗಿದರೆ ಇಬ್ಬರೂ ಮಲಗಿದಂತೆ ಎಂದು ಬಿಡಿಸಿ ಹೇಳಿದಳು. ಇಸ್ತ್ರಿಯಕ್ಕ ಹೂಂಗುಟ್ಟಿ ಟೀ ಕೊಟ್ಟಳು. ಆಮೇಲಿಂದ ಹುಡುಗಿ ಆ ಮಾತು ಎತ್ತಲಿಲ್ಲ. ಬಂದಾಗಲೆಲ್ಲ ಅಂಗಿಗಳ ನಡುವೆ ಕೈ ತೂರಿಸಿ ಯಂತ್ರದ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಹೋಗುವಾಗ ತೆಗೆದಿಟ್ಟು ಹೋಗುತ್ತಿದ್ದಳು.

ಬೆನ್ನು ಚೆನ್ನಾಗಿರಲಿಲ್ಲ. ಮೊದಲು ಸೊಂಟದಲ್ಲಿ ಸೆಳೆತ, ಆಮೇಲೆ ತೊಡೆಯವರೆಗೆ ಇಳಿಯುವ ನೋವು, ಕೊನೆಕೊನೆಗೆ ಬಲಗಾಲಿನ ಬೆರಳುಗಳು ಜೋಮು ಹಿಡಿಯತೊಡಗಿದವು. ಇಸ್ತ್ರಿ ಮಾಡುವಾಗ ಮೇಜಿಗೆ ಹೊಟ್ಟೆ ಒತ್ತಿ ನಿಲ್ಲುತ್ತಿದ್ದಳು. ದಿನಕ್ಕೆ ಎಷ್ಟು ಸಲ ಅವನನ್ನು ಎತ್ತಬೇಕು? ಬೆಳಗ್ಗೆ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಕುರ್ಚಿಗೆ, ಮಧ್ಯಾಹ್ನ ಮಂಚಕ್ಕೆ. ಎಲ್ಲಕ್ಕಿಂತ ಕಷ್ಟ ಬಚ್ಚಲಿನದ್ದು. ಮಲಗಿದಲ್ಲೇ ಬಾಟಲಿ ಹಿಡಿದರೆ ಅವನಿಗೆ ಬರುತ್ತಿರಲಿಲ್ಲ, ಬಂದರೆ ಹಾಸಿಗೆಯೆಲ್ಲ ಒದ್ದೆ. ಡೈಪರು ಹಾಕಿದರೆ ತೊಡೆಸಂದು ಕೆಂಪಾಗಿ ಹುಣ್ಣಾಗುತ್ತಿತ್ತು. "ಬಾತ್‌ರೂಮ್" ಎಂದು ಅವನು ತೊದಲಿದಾಗಲೆಲ್ಲ ಅವಳ ಎದೆ ಧಸಕ್ಕೆನ್ನುತ್ತಿತ್ತು.

ಅವಳು ಅವನಿಗೆ ನೀರು ಕಡಿಮೆ ಮಾಡಿದ್ದು ಯಾವಾಗ ಎಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಬೇಕೆಂದು ಮಾಡಿದ್ದಲ್ಲ. ಒಂದು ದಿನ ಗಿರಾಕಿಗಳ ಗಡಿಬಿಡಿಯಲ್ಲಿ ಊಟವಾದ ಮೇಲಿನ ಲೋಟ ತಪ್ಪಿಹೋಯಿತು. ಆ ಮಧ್ಯಾಹ್ನ ಒಂದು ಸಲ ಎತ್ತುವುದೂ ತಪ್ಪಿತು. ಮರುದಿನ ಮರೆತದ್ದು ಮರೆವಿನಿಂದಲ್ಲ. ಆಮೇಲೆ ಟೀ ಅರ್ಧ ಲೋಟವಾಯಿತು. ಸಂಜೆಯ ನೀರು ಎರಡು ಗುಟುಕಾಯಿತು. ಅವನ ತುಟಿ ಒಡೆಯಿತು, ಅವಳು ಎಣ್ಣೆ ಸವರಿದಳು. ಮೂತ್ರ ಉರಿಯಿತು, ಜ್ವರ ಬಂತು. ಚೆನ್ನಾಗಿ ನೀರು ಕುಡಿಸಮ್ಮ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆಯಿತು ಎಂದು ತಲೆಯಾಡಿಸಿ ಬಂದು, ಜ್ವರ ಬಿಡುವವರೆಗೆ ಕುಡಿಸಿ, ಬಿಟ್ಟ ಮೇಲೆ ಮತ್ತೆ ಹಳೆಯ ದಾರಿಗೇ ಬಂದಳು.

ಯಾರೂ ಇಲ್ಲದಾಗ ಅವಳು ತನ್ನನ್ನು ತಾನೇ ಶಪಿಸಿಕೊಳ್ಳುತ್ತಿದ್ದಳು. ನೀರು ಕೇಳಿದವರಿಗೆ ನೀರು ಕೊಡದವಳು ಎಂಥ ಹೆಂಗಸು? ಆದರೆ ಅವನು ಕೇಳುತ್ತಲೂ ಇರಲಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಇತ್ತೀಚೆಗೆ ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ನಾಲ್ಕು ತುತ್ತಿಗೆ ಬಾಯಿ ಮುಚ್ಚಿಬಿಡುತ್ತಿದ್ದ. ತಾನು ನಿಂತಲ್ಲಿ ನಿಲ್ಲದೆ ಮಾಡಿ ಹಾಕಿದ್ದನ್ನು ಅವನು ತಳ್ಳಿದಾಗ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ನಿಮ್ಮ ತಂಗಿ ಮಾಡಿಹಾಕಿದ್ರೆ ತಟ್ಟೆ ನೆಕ್ತಿದ್ರಿ ಎಂದು ಒಂದೆರಡು ಸಲ ಅಂದೂ ಬಿಟ್ಟಿದ್ದಳು. ಅವನು ಸೊಟ್ಟ ಬಾಯಲ್ಲೇ ನಕ್ಕಿದ್ದ.

ಕೆಟ್ಟದ್ದು ನಡೆದದ್ದು ಒಂದು ಮಧ್ಯಾಹ್ನ. ಟ್ಯಾಕ್ಸಿ ಓಡಿಸುವ ಗಿರಾಕಿಯೊಬ್ಬನ ಬಿಳಿ ಅಂಗಿ ಮೇಜಿನ ಮೇಲಿತ್ತು. ಸಂಜೆಯೊಳಗೆ ಬೇಕೆಂದು ಬೆಳಗ್ಗೆ ಕೊಟ್ಟುಹೋಗಿದ್ದ. ಅವಳು ಬೆನ್ನಿನ ಭಾಗಕ್ಕೆ ಪೆಟ್ಟಿಗೆ ಒತ್ತುತ್ತಿರುವಾಗ ಒಳಗಿನಿಂದ ಗಂಡ ಕೂಗಿದ. ಈ ಸಲ ತಡೆಯಲಾರದ ಕೂಗು. ಎಷ್ಟು ಹೊತ್ತಿನಿಂದ ಹಿಡಿದುಕೊಂಡಿದ್ದನೋ. ಅವಳು ಓಡಿದಳು.

ಎಂದಿನಂತೆ ಮೊಣಕಾಲು ಊರಿ, ಕೈ ಹೆಣೆದು, ಎಳೆದಳು. ಅವನು ಅರ್ಧ ಎದ್ದ. ಆಗ ಅವಳ ಸೊಂಟದೊಳಗೆ ಏನೋ ಕಳಚಿದಂತಾಯಿತು. ಕಣ್ಣು ಕತ್ತಲಿಟ್ಟಿತು. ಬಲಗಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಕುರ್ಚಿ ಹಿಂದಕ್ಕೆ ಉರುಳಿತು, ಇಬ್ಬರೂ ಮಂಚದ ಬುಡಕ್ಕೆ ಬಿದ್ದರು. ಅವಳ ಕಾಲುಗಳ ಮೇಲೆ ಅಡ್ಡಡ್ಡ ಅವನು.

ಅವಳು ಕಾಲೆಳೆದುಕೊಳ್ಳಲು ನೋಡಿದಳು. ಬೆನ್ನಿನಿಂದ ನೆತ್ತಿಗೆ ಹೊಡೆದ ನೋವಿಗೆ ಕೂಗುವುದಕ್ಕೂ ಬಾಯಿ ಬರಲಿಲ್ಲ. ಅವನ ಪಂಚೆ ಒದ್ದೆಯಾಗಿತ್ತು, ಅವಳ ಸೀರೆಯೂ ಒದ್ದೆಯಾಯಿತು. ಅವನು ಕಣ್ಣು ಮುಚ್ಚಿಕೊಂಡಿದ್ದ. ನಾಚಿಕೆಯಿಂದ ಮುಚ್ಚಿದ್ದೆಂದು ಅವಳಿಗೆ ಗೊತ್ತಾಯಿತು.

ಆಮೇಲೆ ವಾಸನೆ ಬಂತು. ಬಟ್ಟೆ ಕರಗುವ ವಾಸನೆ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸದೆ, ಅಂಗಿಯ ಮೇಲೆ ಬೋರಲಾಗಿಯೇ ಬಿಟ್ಟು ಬಂದಿದ್ದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪು. ಸ್ವಿಚ್ಚು ಹಾಕಿಯೇ ಇತ್ತು. ಅಂಗಿಯ ಕೆಳಗೆ ಕಂಬಳಿ, ಕಂಬಳಿಯ ಕೆಳಗೆ ಮರದ ಮೇಜು.

"ಯಾರಾದ್ರೂ ಇದ್ದೀರಾ?" ಎಂದು ಕೂಗಿದಳು. ದನಿ ಬಾಗಿಲವರೆಗೂ ಹೋಗಿರಲಿಕ್ಕಿಲ್ಲ. ಮತ್ತೆ ಕೂಗಿದಳು. ಮೊಣಕೈ ಊರಿ ತೆವಳಲು ನೋಡಿದಳು. ಅವನ ಭಾರದ ಕೆಳಗಿನಿಂದ ಒಂದು ಬೆರಳಷ್ಟೂ ಸರಿಯಲಾಗಲಿಲ್ಲ. ಆಗ ಅವಳೊಳಗೆ ಏನೋ ಕೈಬಿಟ್ಟಿತು. ಇಷ್ಟೇ ಆದರೆ ಇಷ್ಟೇ ಆಗಲಿ ಅನ್ನಿಸಿತು. ಇನ್ನು ಎತ್ತಬೇಕಾಗಿಲ್ಲ, ನೀರು ಕದಿಯಬೇಕಾಗಿಲ್ಲ, ಬೆಳಗಾಗುವುದಕ್ಕೆ ಹೆದರಬೇಕಾಗಿಲ್ಲ. ಹಾಗನ್ನಿಸಿದ್ದಕ್ಕೆ ಅವಳಿಗೆ ಭಯವೂ ಆಗಲಿಲ್ಲ, ಸುಸ್ತು ಮಾತ್ರ ಇತ್ತು.

"ಹೀಗೇ ಹೋಗ್ಬಿಡೋಣ ರೀ," ಎಂದಳು. "ಮನೇಲೇ ಅಂತ ಕೇಳಿದ್ರಲ್ಲ. ಮನೇಲೇ ಆಯ್ತು."

ಅವನು ಕಣ್ಣು ತೆರೆದ. ಬಹಳ ಹೊತ್ತು ಬಾಯಿ ಆಡಿಸಿ ಮಾತು ಕೂಡಿಸಿದ.

"ಇನ್ನೂ... ಭಾರನೇ... ಇದೀನಿ."

"ಏನು?"

"ಇಳಿಸ್ತಿದ್ದೆ. ತುತ್ತು... ಕಮ್ಮಿ ಮಾಡಿ. ನಿನಗೆ... ಹಗುರ ಆಗ್ಲಿ ಅಂತ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ತಳ್ಳಿದ ತಟ್ಟೆಗಳು, ಮುಚ್ಚಿದ ಬಾಯಿ, ತನ್ನ ಚುಚ್ಚು ಮಾತು, ಅವನ ಸೊಟ್ಟ ನಗು. ಭಾರ ತೂಗಿಯೇ ಬದುಕಿದ ಮನುಷ್ಯ ತನ್ನನ್ನೂ ತೂಗಿ ನೋಡಿ, ಹೆಚ್ಚಾದದ್ದನ್ನು ದಿನದಿನಕ್ಕೂ ಕಡಿಮೆ ಮಾಡುತ್ತ ಬಂದಿದ್ದ. ಅವಳು ಅವನ ಮುಂಗೈ ಹಿಡಿದಳು. ಮೂಳೆಯೇ ಕೈಗೆ ಸಿಕ್ಕಿತು. ದಿನವೂ ತಬ್ಬಿ ಎತ್ತಿದವಳಿಗೆ ಇದು ಗೊತ್ತಾಗಿರಲಿಲ್ಲ. ಅವನು ಕರಗುತ್ತಿದ್ದಷ್ಟೇ ಬೇಗ ಅವಳ ಬಲವೂ ಕರಗುತ್ತಿತ್ತು.

"ನಾನು ನಿಮಗೆ ನೀರು ಕಮ್ಮಿ ಕೊಡ್ತಿದ್ದೆ," ಎಂದಳು ಅಳುತ್ತ. "ಬೇಕೂಂತ್ಲೇ. ಎತ್ತೋದು ತಪ್ಪುತ್ತೆ ಅಂತ."

"ಗೊತ್ತು."

"ಗೊತ್ತಿತ್ತಾ?"

"ಗೊತ್ತು ಕಣೇ. ಅದಕ್ಕೇ... ಕೇಳ್ತಿರಲಿಲ್ಲ."

ಮುಂದಿನ ಕೋಣೆಯಿಂದ ಹೊಗೆ ತೆಳ್ಳಗೆ ಒಳಗೆ ಬರತೊಡಗಿತು. ಇಬ್ಬರಿಗೂ ಕೆಮ್ಮು ಬಂತು. ಅಷ್ಟರಲ್ಲಿ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. "ಅಕ್ಕಾ, ಅಂಗಿ ಆಯ್ತಾ?" ಎನ್ನುತ್ತ ಬಂದ ಟ್ಯಾಕ್ಸಿಯವನು ಮಾತನ್ನು ಅರ್ಧಕ್ಕೇ ನಿಲ್ಲಿಸಿ ಒಳಗೆ ನುಗ್ಗಿದ. ಪ್ಲಗ್ಗು ಕಿತ್ತ, ಹೊಗೆಯಾಡುತ್ತಿದ್ದ ಕಂಬಳಿಯ ಮೇಲೆ ಚಿಮುಕಿಸುವ ಬಾಟಲಿಯ ಮುಚ್ಚಳ ಬಿಚ್ಚಿ ನೀರೆಲ್ಲ ಸುರಿದ. ಅಂಗಿಯ ಬೆನ್ನಿನಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ ದೊಡ್ಡ ಕಿಂಡಿ. ಆ ಕಿಂಡಿಯಿಂದಲೇ ಅವನಿಗೆ ಒಳಗಿನ ಕೋಣೆಯ ನೆಲದ ಮೇಲೆ ಬಿದ್ದಿದ್ದ ಇಬ್ಬರೂ ಕಂಡರು ಎಂದು ಆಮೇಲೆ ಬಣ್ಣ ಕಟ್ಟಿ ಹೇಳುತ್ತಿದ್ದ.

ಮೊದಲು ಅವನು ಕ್ರೇನಣ್ಣನನ್ನು ಕೈಹಿಡಿದು ಎಳೆಯಲು ಹೋದ. ಎಡಭುಜದ ಕೀಲು ಸಡಿಲವಾಗಿತ್ತು, ಕ್ರೇನಣ್ಣ ಚೀರಿದ. ಟ್ಯಾಕ್ಸಿಯವನು ಬೆದರಿ ಕೈಬಿಟ್ಟ. ಹೇಗೋ ಅವನನ್ನು ಒಂದಿಷ್ಟು ಹೊರಳಿಸಿ ಇಸ್ತ್ರಿಯಕ್ಕನ ಕಾಲು ಬಿಡಿಸಿದ. ಆದರೆ ಅವಳು ಏಳಲಾರಳು. ಫಿಸಿಯೋ ಮೇಡಂಗೆ ಫೋನು ಮಾಡು ಎಂದಳು. ಹುಡುಗಿಯ ದನಿ ಫೋನಿನ ಸ್ಪೀಕರಿನಲ್ಲಿ ಕೋಣೆಯೆಲ್ಲ ತುಂಬಿತು. ತಲೆಗೆ ಏಟಾಗಿದೆಯೇ, ಕಾಲು ಸೊಟ್ಟಗಿದೆಯೇ, ಎಲ್ಲಿ ನೋವು ಎಂದೆಲ್ಲ ಒಂದೊಂದಾಗಿ ಕೇಳಿ, ಕೊನೆಗೆ ಕೈಹಿಡಿದು ಎಳೆಯಬೇಡಿ, ಯಂತ್ರ ತನ್ನಿ ಎಂದಳು. ಯಾವ ಯಂತ್ರ ಎಂದು ಟ್ಯಾಕ್ಸಿಯವನು ಸುತ್ತ ನೋಡಿದ. ಇಸ್ತ್ರಿಯಕ್ಕ ಅಂಗಿಗಳ ಕಡೆ ಬೆರಳು ತೋರಿಸಿದಳು. ಅವನು ಅಂಗಿಗಳನ್ನು ತೆಕ್ಕೆತೆಕ್ಕೆಯಾಗಿ ತೆಗೆದು ಮಂಚದ ಮೇಲೆ ಎಸೆದ. ಉಕ್ಕಿನ ತೋಳು ಹೊರಬಂತು.

"ಬೇಡ," ಎಂದ ಕ್ರೇನಣ್ಣ. "ಕೊಕ್ಕೆಗೆ... ಮನುಷ್ಯ... ಇಲ್ಲ."

ಇಸ್ತ್ರಿಯಕ್ಕ ವರ್ಷವಿಡೀ ಬಾಯಿಗೆ ಬೀಗ ಹಾಕಿಕೊಂಡಿದ್ದವಳು. ನೆಲಕ್ಕೆ ಕೆನ್ನೆ ಊರಿಕೊಂಡೇ ಮಾತಾಡಿದಳು.

"ಇಷ್ಟು ದಿನ ನಿಮ್ಮನ್ನ ತೂಗಿದ್ದು ಯಾವ ಕೊಕ್ಕೆ ರೀ? ನನ್ನ ಕುತ್ತಿಗೆ. ಅದಕ್ಕೆ ಯಾವ ಕಟ್ಟಳೆನೂ ಇಲ್ವಾ? ಆ ಯಾರ್ಡಿನ ಕ್ರೇನು ಮನುಷ್ಯರಿಗಲ್ಲ, ಒಪ್ಕೋತೀನಿ. ಇದನ್ನ ಮಾಡಿರೋದೇ ಮನುಷ್ಯರನ್ನ ಎತ್ತೋದಕ್ಕೆ. ನನ್ನನ್ನ ಯಾರೂ ಅದಕ್ಕೆ ಮಾಡಿಲ್ಲ."

ಕ್ರೇನಣ್ಣ ಅವಳನ್ನೇ ನೋಡಿದ. ಅವನ ಕಣ್ಣು ನಿಧಾನವಾಗಿ ಯಂತ್ರದ ಮೇಲೆ ಹರಿಯಿತು. ಗಾಲಿ, ಕಂಬ, ತೋಳು, ಕೀಲುಗಳು. ಆ ಮೊದಲ ದಿನ ಅವನಿಗೆ ಏನನ್ನೂ ತೋರಿಸದೆ, ಏನನ್ನೂ ಕೇಳದೆ ಎತ್ತಿಬಿಟ್ಟಿದ್ದರು. ಮಾತು ತೊದಲುವವನನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

"ಎಷ್ಟು... ಎತ್ತುತ್ತೆ?" ಎಂದ.

ಟ್ಯಾಕ್ಸಿಯವನು ತೋಳಿನ ಮೇಲೆ ಒತ್ತಿದ್ದ ಅಂಕೆ ಓದಿದ. ಕ್ರೇನಣ್ಣನ ತೂಕಕ್ಕೆ ಎರಡರಷ್ಟಕ್ಕಿಂತ ಹೆಚ್ಚು. ಜೋಲಿ ತೋರಿಸು ಎಂದ ಕ್ರೇನಣ್ಣ. ಮುಖದ ಹತ್ತಿರ ತಂದರೆ ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು ನೋಡಿದ. ಕುಣಿಕೆಗಳನ್ನು ಒಂದೊಂದಾಗಿ ಜಗ್ಗಿದ. ಕೊಕ್ಕೆಯ ಬಾಯಿಗೆ ಚಿಲಕವಿದೆಯೇ ಎಂದು ಕೇಳಿದ. ಇತ್ತು. ಆಮೇಲೆ ಹಾಕು ಎಂದು ಕಣ್ಣಿನಲ್ಲೇ ಹೇಳಿದ.

ಹುಡುಗಿ ಫೋನಿನಲ್ಲಿ ಹೇಳಿದಂತೆ ಟ್ಯಾಕ್ಸಿಯವನು ಅವನನ್ನು ಮಗ್ಗುಲಿಗೆ ಹೊರಳಿಸಿ ಜೋಲಿ ತೂರಿಸಿದ, ಯಂತ್ರದ ಕಾಲುಗಳನ್ನು ಅಗಲಿಸಿ ಹತ್ತಿರ ತಂದ, ಕುಣಿಕೆಗಳನ್ನು ಸಿಕ್ಕಿಸಿದ. ಗುಂಡಿ ಕೈಗೆತ್ತಿಕೊಂಡ. ಆಗ ಕ್ರೇನಣ್ಣ ಬಲಗೈ ಎತ್ತಿದ. ತೋರುಬೆರಳು ಮೇಲೆ ಮಾಡಿ ಚಿಕ್ಕದಾಗಿ ಸುತ್ತು ತಿರುಗಿಸಿದ. ದಿನವಿಡೀ ಟ್ರಾಫಿಕ್ ಪೊಲೀಸರ ಕೈ ನೋಡಿಕೊಂಡು ಬದುಕುವವನಿಗೆ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಗುಂಡಿ ಒತ್ತಿದ. ಕ್ರೇನಣ್ಣ ನೆಲದಿಂದ ಒಂದು ಗೇಣು ಎದ್ದ. ಕೂಡಲೇ ಅಂಗೈ ಚಪ್ಪಟೆಯಾಯಿತು. ನಿಲ್ಲಿಸು. ತೂಗಾಟ ನಿಲ್ಲುವವರೆಗೆ ಕಾದ. ಎರಡೂ ಬದಿಯ ಕುಣಿಕೆ ಸಮವಾಗಿವೆಯೇ ನೋಡಿದ. ಆಮೇಲೆ ಮತ್ತೆ ಬೆರಳು ಎತ್ತಿದ.

ಜೀವಮಾನವೆಲ್ಲ ಕೆಳಗೆ ನಿಂತವರ ಕೈಸನ್ನೆ ನೋಡಿ ಎತ್ತಿದವನು ಅವನು. ಇಂದು ಎತ್ತಿಸಿಕೊಳ್ಳುವವನೂ ಅವನೇ, ಸನ್ನೆ ಮಾಡುವವನೂ ಅವನೇ. ನೆಲದ ಮೇಲೆ ಬಿದ್ದಲ್ಲಿಂದಲೇ ಇಸ್ತ್ರಿಯಕ್ಕ ಅದನ್ನೆಲ್ಲ ನೋಡಿದಳು. ಬೆನ್ನಿನಲ್ಲಿ ಬೆಂಕಿ ಬಿದ್ದಿದ್ದರೂ ಅವಳ ಕಣ್ಣು ಅವನ ಬಲಗೈ ಬಿಟ್ಟು ಕದಲಲಿಲ್ಲ.

ಕ್ರೇನಣ್ಣನನ್ನು ಮಂಚಕ್ಕೆ ಇಳಿಸಿ, ಅಂದೇ ಟ್ಯಾಕ್ಸಿಯವನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಬೆನ್ನುಮೂಳೆಯ ನಡುವಿನ ಮೆತ್ತೆ ಜಾರಿದೆ, ಇನ್ನು ಮೇಲೆ ತುಂಬಿದ ಬಕೆಟ್ಟನ್ನೂ ಎತ್ತಬಾರದು, ಎತ್ತಿದರೆ ಕಾಲಿನ ಸ್ವಾಧೀನವೇ ಹೋಗಬಹುದು ಎಂದರು ಡಾಕ್ಟರು. ರಾತ್ರಿಯೇ ಅವಳನ್ನು ಮನೆಗೆ ಕರೆತಂದರು. ಮರುದಿನ ನಾದಿನಿ ಬಂದಳು. ಬರುವಾಗಲೇ ಆರೈಕೆ ಕೇಂದ್ರದಲ್ಲಿ ಮಾತಾಡಿ, ಅಣ್ಣನಿಗೊಂದು ಹಾಸಿಗೆ ಇಡಲು ಹೇಳಿ ಬಂದಿದ್ದಳು.

ಅವಳು ಕೆಟ್ಟವಳಲ್ಲ. ಅತ್ತಿಗೆಯ ಮಂಚದ ಬಳಿ ಕುಳಿತು, ಕೈ ಹಿಡಿದು, ನಿಧಾನವಾಗಿಯೇ ಹೇಳಿದಳು. ನಿಮ್ಮ ತಪ್ಪಲ್ಲ, ನೀವು ಮಾಡಿದಷ್ಟು ಯಾರೂ ಮಾಡುತ್ತಿರಲಿಲ್ಲ, ಆದರೆ ಈಗ ಇಬ್ಬರನ್ನೂ ಕಳೆದುಕೊಳ್ಳಲು ನನ್ನಿಂದಾಗದು. ಕೊಟ್ಟ ಮಾತು ಉಳಿಸಿಕೊಳ್ಳಲು ಬೇಕಾದ ಸೊಂಟವೇ ಇಸ್ತ್ರಿಯಕ್ಕನಿಗೆ ಇರಲಿಲ್ಲ. ಅವಳು ಸೂರು ನೋಡುತ್ತ ಮಲಗಿದ್ದಳು. ಕಣ್ಣೀರು ಕಿವಿಗೆ ಇಳಿಯುತ್ತಿತ್ತು.

"ಬಾ ಇಲ್ಲಿ," ಎಂದ ಕ್ರೇನಣ್ಣ ಎದುರಿನ ಮಂಚದಿಂದ. ಬೆಳಗ್ಗೆಯೇ ಬಂದಿದ್ದ ಫಿಸಿಯೋ ಮೇಡಂ ಅವನಿಗೆ ಜೋಲಿ ಹಾಕಿ ಸಿದ್ಧಮಾಡಿದ್ದಳು. ನಾದಿನಿ ಯಂತ್ರ ನೋಡಿ ಮುಖ ತಿರುಗಿಸಿದಳು.

"ಬೇಡ ಅಣ್ಣ. ನನ್ನ ಕೈಲಿ ನೋಡಕ್ಕಾಗಲ್ಲ."

"ನೋಡು. ಎದುರಿಗೆ... ನಿಂತು... ನೋಡು."

ಗುಂಡಿ ಅವನ ಬಲಗೈಯಲ್ಲೇ ಇತ್ತು. ಒತ್ತಿದ. ತೋಳು ಮೆಲ್ಲಗೆ ಎದ್ದಿತು. ಹಾಸಿಗೆಯಿಂದ ಮೇಲೆ ಬಂದವನು ತಾನೇ ನಿಲ್ಲಿಸಿ, ತಾನೇ ಸರಿನೋಡಿ, ತಂಗಿಯ ಕಣ್ಣಿನ ಮಟ್ಟಕ್ಕೆ ಬಂದು ನಿಂತ. ಕಾಯಿಲೆ ಬಿದ್ದ ಮೇಲೆ ಅವನನ್ನು ಅವಳು ನೋಡಿದ್ದೆಲ್ಲ ಮೇಲಿನಿಂದ ಬಗ್ಗಿ, ಇಲ್ಲವೇ ಯಾರದೋ ಭುಜಕ್ಕೆ ಅವನ ಮುಖ ಒತ್ತಿಕೊಂಡಿರುವಾಗ. ಈಗ ಅಣ್ಣತಂಗಿ ಒಬ್ಬರಿಗೊಬ್ಬರು ಮುಖಾಮುಖಿ. ಅವನು ಹೆದರಿರಲಿಲ್ಲ. ತಳ್ಳು ಎಂದು ಹುಬ್ಬಿನಲ್ಲಿ ಸನ್ನೆ ಮಾಡಿದ. ಅವಳು ಹಿಡಿಕೆಗೆ ಕೈಹಚ್ಚಿದಳು. ಬಲ ಹಾಕಿ ತಳ್ಳಬೇಕು ಎಂದುಕೊಂಡಿದ್ದಳು, ಆದರೆ ಬೆರಳು ಇಟ್ಟಷ್ಟಕ್ಕೇ ಗಾಲಿಗಳು ಸರಿದವು.

ಕುರ್ಚಿಯ ಮೇಲೆ ಇಳಿದ ಮೇಲೆ ಜೋಲಿ ಸರಿಸುವಾಗ ಅವಳ ಕೈಗೆ ಅಣ್ಣನ ಪಕ್ಕೆಲುಬುಗಳು ಸಿಕ್ಕಿದವು.

"ಅಣ್ಣ ಯಾಕೆ ಇಷ್ಟು ಇಳಿದು ಹೋಗಿದಾನೆ ಅತ್ತಿಗೆ?"

ಇಸ್ತ್ರಿಯಕ್ಕ ಮುಚ್ಚಿಡಲಿಲ್ಲ. ಮುಚ್ಚಿಡುವ ಶಕ್ತಿಯೂ ಇರಲಿಲ್ಲ. "ನಾನು ಇವರಿಗೆ ನೀರು ಕಮ್ಮಿ ಮಾಡಿದೆ, ಎತ್ತೋದು ತಪ್ಪಲಿ ಅಂತ. ಇವರು ಊಟ ಬಿಟ್ರು, ನನಗೆ ಹಗುರ ಆಗ್ಲಿ ಅಂತ. ಇದು ಮೂಲೇಲಿ ನಿಂತಿತ್ತು. ಕೈಯಲ್ಲೇ ಎತ್ತಿದ್ರೆ ಪ್ರೀತಿ ಅಂತ ನೀನೂ ಅಂದ್ಕೊಂಡೆ, ನಾನೂ ಅಂದ್ಕೊಂಡೆ."

ನಾದಿನಿ ಜೋಲಿಯನ್ನು ಮಡಿಸಿ ಅಣ್ಣನ ತೊಡೆಯ ಮೇಲೆ ಇಟ್ಟಳು. ಅವಳ ಕೈಚೀಲದಲ್ಲಿ ಫೋನು ಬಡಿದುಕೊಂಡಿತು. ಆರೈಕೆ ಕೇಂದ್ರದವರು, ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಕೇಳುತ್ತಿದ್ದರು. ಅವಳು ಒಮ್ಮೆ ಅಣ್ಣನ ಮುಖ ನೋಡಿದಳು. ಇವತ್ತು ಬರುವುದಿಲ್ಲ, ಆ ಹಾಸಿಗೆ ಬೇಕಾದವರಿಗೆ ಕೊಟ್ಟುಬಿಡಿ ಎಂದು ಹೇಳಿ ಫೋನು ಇಟ್ಟಳು. ತಾನು ಕೆಲವು ವಾರ ಇಲ್ಲೇ ಇದ್ದು ಕಲಿಯುತ್ತೇನೆ, ಆಮೇಲೆ ಹೊತ್ತಿಗೆ ಸರಿಯಾಗಿ ಬಂದು ಜೋಲಿ ಹಾಕಿ ಹೋಗುವ ಆಳೊಬ್ಬರನ್ನು ಹುಡುಕೋಣ ಎಂದು ಫಿಸಿಯೋ ಮೇಡಂ ಜೊತೆ ಮಾತಾಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಜಗ್ಗಿನ ತುಂಬ ನೀರು ತಂದಳು.

ಕ್ರೇನಣ್ಣ ಮೊದಲ ಲೋಟವನ್ನು ಗಟಗಟನೆ ಕುಡಿದ. ಗದ್ದದ ಮೇಲೆಲ್ಲ ಸುರಿಯಿತು. ಎರಡನೆಯದಕ್ಕೆ ಕೈ ಚಾಚಿ ಹೆಂಡತಿಯ ಕಡೆ ನೋಡಿದ. ಅವಳು ಹೂಂ ಎಂದಳು. ಅದನ್ನೂ ಕುಡಿದ. ಇನ್ನೊಂದು ಎಂದ. ಸಾಕು ಎಂದು ಯಾರೂ ಅನ್ನಲಿಲ್ಲ.

ಸ್ವಲ್ಪ ಹೊತ್ತಿಗೆ, ಹೊರಗೆ ಗಿರಾಕಿಗಳು ನಿಂತಿರುವಾಗಲೇ,

"ಬಾತ್‌ರೂಮ್!" ಎಂದು ಕೂಗಿದ.